ಸೈನ್ಯಕ್ಕೆ ಯಾರ ಮಗ? ಅಮೆರಿಕದಲ್ಲಿ ನೆಲಸಿರುವ ಕನ್ನಡ ತಾಯಿತಂದೆಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸೋದರ ಸೋದರಿಯರೆ,

ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯದಲ್ಲೋ ಮನೆಮಾಡಿಕೊಂಡು, ಯುಗಾದಿ ರಾಜ್ಯೋತ್ಸವಗಳನ್ನು ತಪ್ಪದೆ ಆಚರಿಸುತ್ತ, ರಜೆಯ ದಿನದ ಕನ್ನಡ ತರಗತಿಗಳಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತಿರುವ ನಿಮಗೆ ತವರಿನಲ್ಲಿಯೇ ಉಳಿದ ಒಬ್ಬ ಬರೆಹಗಾರನ ವಂದನೆಗಳು. ನಿಮ್ಮ ಸಂಘಗಳು ಹೊರತರುವ ಸಂಚಿಕೆಗಳು ಕೈಗೆ ಸಿಕ್ಕಿದಾಗ ನಾನು ಆದರದಿಂದ ಓದುತ್ತೇನೆ. ಮಕ್ಕಳ ಕಾಲೇಜು ಪ್ರವೇಶ, ಅದಕ್ಕೆ ತಗಲುವ ವೆಚ್ಚ, ವೃದ್ಧರಾದ ಹಿರಿಯರನ್ನು ಕರೆಸಿಕೊಳ್ಳಲು ಬೇಕಾದ ವೀಸಾ ಇವುಗಳ ವಿಷಯವಾಗಿ ಅವುಗಳಲ್ಲಿ ವಿಪುಲವಾದ ವಿಚಾರವಿನಿಮಯ ನಡೆಯುವುದುಂಟು. ಆದರೆ ನಿಮ್ಮ ಗಂಡುಮಕ್ಕಳಿಗೆ 18 ವರ್ಷ ತುಂಬಿದೊಡನೆ ಅವರ ಹೆಸರು ಸೆಲೆಕ್ಟಿವ್ ಸರ್ವಿಸ್ ಎಂಬ ಸೈನ್ಯಭರ್ತಿಯ ಇಲಾಖೆಯ ಪಟ್ಟಿಯಲ್ಲಿ ಸೇರತಕ್ಕದ್ದೆಂಬ ಕಾನೂನಿನ ವಿಷಯವಾಗಿ, ನಾನು ಕಂಡಷ್ಟರಲ್ಲಿ, ಒಂದು ಸಾಲೂ ಇಲ್ಲ. ಪೌರತ್ವವುಳ್ಳವರಿಗೆ ಹೇಗೋ ಹಾಗೆಯೇ ಹಸಿರು ಕಾರ್ಡು ಪಡೆದು ಅಲ್ಲಿ ನೆಲಸಿರುವ ತರುಣರಿಗೂ ಈ ಕಾನೂನು ಅನ್ವಯಿಸುತ್ತದೆ. ತಾತ್ಕಾಲಿಕ ವೀಸಾದ ಮೇಲೆ ಓದಲೋ ಕೆಲಸಮಾಡಲೋ ಬಂದವರು ಮಾತ್ರ ಅದರಿಂದ ಹೊರಗೆ.

1973ರಿಂದ ಈಚೆಗೆ ಆ ಪಟ್ಟಿಯಿಂದ ಒಬ್ಬನನ್ನೂ ಯುದ್ಧಕ್ಕೆ ಕರೆದಿಲ್ಲವೆಂಬುದು ನಿಜ. ನಡುವೆ ಕೆಲವು ವರ್ಷ ನಿಂತೇಹೋಗಿದ್ದ ನೋಂದಣಿಯನ್ನು, ಸೋವಿಯತ್ ಸೈನ್ಯವು ಅಫ್ಘಾನಿಸ್ಥಾನವನ್ನು ಹೊಕ್ಕ ಮೇಲೆ, 1980ರಲ್ಲಿ ಅಧ್ಯಕ್ಷ ಕಾರ್ಟರರು ಪುನಃ ಆರಂಭಿಸಿದರು. ಅಂದಿನಿಂದ ಅದು ಯಾರ ನಿದ್ರೆಯನ್ನೂ ಕೆಡಿಸದೆ ನಡೆದುಕೊಂಡು ಬಂದಿದೆ. ಆದಕಾರಣ ನೀವು ಅದನ್ನು ವಾಹನ ಚಾಲನೆಯ ಪರವಾನಗಿಯೊಡನೆ ಮುಗಿಸಿಬಿಡುವ ಒಂದು ಕಾಗದದ ಕೆಲಸವೆಂದು ಎಣಿಸಿದರೆ ಆಶ್ಚರ್ಯವಿಲ್ಲ. ನಿಮ್ಮಲ್ಲಿ ಭಯವನ್ನು ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಒಂದು ವೇಳೆ ಕರೆ ಬಂದರೆ ಹೋಗುವವರು ಯಾರು, ಉಳಿಯುವವರು ಯಾರು ಎಂಬ ಪ್ರಶ್ನೆಗೆ ಆ ದೇಶದಲ್ಲಿ 160 ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ವಿದ್ಯಾವಂತರಾದ, ಅನುಕೂಲಸ್ಥರಾದ ನಿಮ್ಮಂಥವರಿಗೆ ಮೀಸಲಾದ ಸ್ಥಾನ ಎಂಥದೆಂಬುದನ್ನು ನಿಮ್ಮ ಮುಂದಿಡಬೇಕೆಂಬುದೇ ಈ ಪತ್ರದ ಕಾರಣ.

ಕಡ್ಡಾಯ ಸೈನ್ಯಭರ್ತಿಯ ಶಾಸನವನ್ನು ಓದುವವನು ಅದರ ಮೊದಲನೆಯ ವಾಕ್ಯದಲ್ಲಿಯೇ ನಿಂತುಬಿಡಬಾರದು. ದೃಢಕಾಯರಾದ ಪುರುಷರೆಲ್ಲರೂ ದೇಶರಕ್ಷಣೆಗೆ ಬಾಧ್ಯರು ಎಂಬ ಆ ವಾಕ್ಯ ಎಲ್ಲ ದೇಶಗಳಲ್ಲಿಯೂ ಬಹುಮಟ್ಟಿಗೆ ಒಂದೇ, ಮತ್ತು ಎಲ್ಲೆಲ್ಲಿಯೂ ಗಂಭೀರವಾದದ್ದೇ. ಶಾಸನಕರ್ತರ ಮನಸ್ಸು ಪ್ರಕಟವಾಗುವುದು ಕೆಳಗೆ, ವಿನಾಯಿತಿಗಳ ಪಟ್ಟಿಯಲ್ಲಿ. ಸೈನ್ಯಕ್ಕೆ ಈ ತಿಂಗಳು ಇಷ್ಟು ಜನ ಬೇಕೆಂದು ಮೊದಲೇ ನಿಶ್ಚಯವಾಗಿರುವಾಗ, ಒಬ್ಬನಿಗೆ ಕೊಟ್ಟ ವಿನಾಯಿತಿಯು ಆ ಕ್ಷಣದಲ್ಲಿಯೇ, ಅದೇ ಲೇಖನಿಯಿಂದಲೇ, ಇನ್ನೊಬ್ಬನಿಗೆ ಬರೆದ ಆಜ್ಞೆಯಾಗುತ್ತದೆ. ಆ ಇನ್ನೊಬ್ಬನ ಹೆಸರು ಮಾತ್ರ ವಿನಾಯಿತಿಯ ಪತ್ರದಲ್ಲಿ ಇರುವುದಿಲ್ಲ.

1863ರ ಮಾರ್ಚ್ ತಿಂಗಳಲ್ಲಿ, ಅಂತರ್ಯುದ್ಧದ ನಟ್ಟನಡುವೆ, ಲಿಂಕನ್ನರ ಸರ್ಕಾರವು ಉತ್ತರದ ರಾಜ್ಯಗಳಿಗೆ ಇಂಥ ಒಂದು ಕಾನೂನನ್ನು ಮಾಡಿತು. 20ರಿಂದ 45 ವರ್ಷದವರೆಗಿನ ಪುರುಷರ ಹೆಸರುಗಳನ್ನು ಬರೆದು ಚೀಟಿ ಎತ್ತತಕ್ಕದ್ದು. ಚೀಟಿ ಬಿದ್ದವನು ಯುದ್ಧಕ್ಕೆ ಹೊರಡತಕ್ಕದ್ದು. ಇಲ್ಲವಾದರೆ ತನಗೆ ಬದಲಾಗಿ ಒಬ್ಬ ಆಳನ್ನು ಗೊತ್ತುಮಾಡಿ ಕಳುಹಿಸತಕ್ಕದ್ದು. ಅದೂ ಬೇಡವೆಂದರೆ 300 ಡಾಲರುಗಳನ್ನು ಕಟ್ಟತಕ್ಕದ್ದು. ದಿನಕ್ಕೆ ಒಂದು ಡಾಲರಿನ ಆಸುಪಾಸಿನಲ್ಲಿ ಕೂಲಿ ಸಿಗುತ್ತಿದ್ದ ಆ ಕಾಲದಲ್ಲಿ ಈ ಮೊತ್ತವೆಂದರೆ ಕೂಲಿಕಾರನೊಬ್ಬನ ಇಡೀ ವರ್ಷದ ಗಳಿಕೆ. ಮುಂದೆ ಲೋಕವಿಖ್ಯಾತ ಸಾಹುಕಾರನಾದ ಪಿಯರ್‌ಪಾಂಟ್ ಮಾರ್ಗನ್ ಹಣ ಕೊಟ್ಟು ಬದಲಿ ಆಳನ್ನು ಕಳುಹಿಸಿದನು. ಗ್ರೋವರ್ ಕ್ಲೀವ್‌ಲೆಂಡ್ ಎಂಬ ತರುಣ ವಕೀಲನು ಪೋಲೆಂಡಿನಿಂದ ವಲಸೆ ಬಂದಿದ್ದ ಒಬ್ಬನಿಗೆ 150 ಡಾಲರುಗಳನ್ನು ಕೊಟ್ಟು ತನ್ನ ಸ್ಥಾನದಲ್ಲಿ ನಿಲ್ಲಿಸಿ, ಕಾಲಾನಂತರದಲ್ಲಿ ಎರಡು ಸಲ ಅಧ್ಯಕ್ಷಪದವಿಗೇರಿದನು. ಇದರಲ್ಲಿ ಕಾನೂನಿನ ಉಲ್ಲಂಘನೆ ಲವಲೇಶವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು.

ಅದೇ ವರ್ಷದ ಜುಲೈ 13ರಂದು ನ್ಯೂಯಾರ್ಕ್ ನಗರದ ಬಡಜನ, ಅವರಲ್ಲಿಯೂ ವಿಶೇಷವಾಗಿ ಐರ್ಲೆಂಡಿನಿಂದ ಬಂದ ಕೂಲಿಕಾರರು, ಚೀಟಿ ಎತ್ತುವ ಕಚೇರಿಯ ಮೇಲೆ ಬಿದ್ದರು. ಅವರಿಗಾದದ್ದು ಅನ್ಯಾಯವೇ, ಆದರೆ ಅವರ ರೋಷ ಹಣ ಕೊಟ್ಟು ಉಳಿದವರ ಸೌಧಗಳಲ್ಲಿ ಬಹುಕಾಲ ನಿಲ್ಲದೆ, ತಮಗಿಂತಲೂ ದೀನರಾದ ಕಪ್ಪು ಜನರ ಕಡೆಗೆ ಹೊರಳಿತು. ಐದನೆಯ ಅವೆನ್ಯೂವಿನಲ್ಲಿದ್ದ ಕಪ್ಪು ಮಕ್ಕಳ ಅನಾಥಾಲಯವನ್ನು ಸುಟ್ಟರು. ಬೀದಿಯಲ್ಲಿ ಕೈಗೆ ಸಿಕ್ಕಿದವರನ್ನು ದೀಪದ ಕಂಬಗಳಿಗೆ ನೇತುಹಾಕಿದರು. ನಾಲ್ಕು ದಿನಗಳಲ್ಲಿ 100ಕ್ಕೂ ಮಿಕ್ಕ ಜನ ಸತ್ತು, ಕಟ್ಟಕಡೆಗೆ ಯುದ್ಧಭೂಮಿಯಿಂದ ಸೈನ್ಯವನ್ನೇ ಕರೆಸಬೇಕಾಯಿತು. ಬಡವನ ಕೋಪ ದವಡೆಗೆ ಮೂಲವೆಂದು ನಮ್ಮವರು ಹೇಳುತ್ತಾರೆ; ಇಲ್ಲಿ ಅದು ತನಗಿಂತ ಬಡವನಾದವನ ದವಡೆಗೆ ಮೂಲವಾಯಿತು. ದಕ್ಷಿಣದವರಾದರೂ ಈ ವಿಷಯದಲ್ಲಿ ಮೇಲೆನ್ನಿಸಿಕೊಳ್ಳಲಿಲ್ಲ. 20 ಮಂದಿ ಗುಲಾಮರಿರುವ ಪ್ರತಿಯೊಂದು ತೋಟಕ್ಕೂ ಒಬ್ಬ ಬಿಳಿಯನಿಗೆ ಸೈನ್ಯದಿಂದ ಬಿಡುಗಡೆಯೆಂದು ಅವರು 1862ರಲ್ಲಿಯೇ ವಿಧಿಸಿದ್ದರು. ಗುಲಾಮಗಿರಿಯನ್ನು ಉಳಿಸಲು ಹೂಡಿದ ಯುದ್ಧದಿಂದ ಗುಲಾಮರ ಒಡೆಯನಿಗೇ ಬಿಡುಗಡೆ!

ಬದಲಿ ಆಳನ್ನು ಕೊಳ್ಳುವ ಪದ್ಧತಿ 1917ರ ಕಾನೂನಿನಲ್ಲಿ ರದ್ದಾಯಿತು. ಆದರೆ ಆ ವರ್ಷದ ನೋಂದಣಿಯ ಕಾರ್ಡಿನ ಒಂದು ಮೂಲೆಯಲ್ಲಿ, ಬಂದವನು ಆಫ್ರಿಕ ಮೂಲದವನಾದರೆ ಈ ಮೂಲೆಯನ್ನು ಹರಿಯತಕ್ಕದ್ದೆಂಬ ಸೂಚನೆಯಿತ್ತು. ಹೆಸರನ್ನು ಓದುವ ಶ್ರಮವೂ ಇಲ್ಲದೆ, ಕಾರ್ಡಿನ ಆಕಾರದಿಂದಲೇ ಜನಾಂಗವನ್ನು ತಿಳಿಯುವ ಏರ್ಪಾಡು ಅದು. ಹಾಗೆ ಆಯ್ದವರಲ್ಲಿ ಬಹುಮಂದಿಗೆ ಬಂದೂಕನ್ನು ಕೊಡದೆ, ಹಡಗಿನ ಸರಕು ಇಳಿಸುವ, ದಾರಿ ಹಾಕುವ, ಹೆಣ ಹೂಳುವ ಕೆಲಸಕ್ಕೆ ಹಚ್ಚಿದರು. ಪೋರ್ಟೊರಿಕೊ ದ್ವೀಪದ ಜನರಿಗೆ 1917ರ ಮಾರ್ಚ್‌ನಲ್ಲಿ ಪೌರತ್ವ ಕೊಟ್ಟರು. ಕೆಲವೇ ತಿಂಗಳಲ್ಲಿ ಆ ಪೌರರ ಮಕ್ಕಳನ್ನು ಭರ್ತಿಗೆ ಕರೆದರು. ತಮ್ಮನ್ನು ಯುದ್ಧಕ್ಕೆ ಕಳುಹಿಸುವ ಅಧ್ಯಕ್ಷನನ್ನು ಚುನಾಯಿಸುವ ಮತವಂತೂ ದ್ವೀಪದಲ್ಲಿರುವವರಿಗೆ ಈ ಹೊತ್ತಿಗೂ ಇಲ್ಲ. ನಮ್ಮ ಭಾರತದವರೇ ಆದ ಭಗತ್ ಸಿಂಗ್ ಥಿಂಡ್ 1918ರಲ್ಲಿ ಅಮೆರಿಕದ ಸೈನ್ಯವನ್ನು ಸೇರಿ, ಗೌರವಪೂರ್ವಕವಾದ ಬಿಡುಗಡೆಯ ಪತ್ರವನ್ನೂ ಪಡೆದರು. ಐದು ವರ್ಷಗಳ ತರುವಾಯ ಅದೇ ದೇಶದ ಸರ್ವೋಚ್ಚ ನ್ಯಾಯಾಲಯವು ಅವರು ಬಿಳಿಯರಲ್ಲವೆಂದೂ ಆದುದರಿಂದ ಪೌರತ್ವಕ್ಕೆ ಅನರ್ಹರೆಂದೂ ಏಕಮತದಿಂದ ತೀರ್ಪಿತ್ತಿತು. ಇಂದು ನಿಮ್ಮ ಕಪಾಟಿನಲ್ಲಿ ಭದ್ರವಾಗಿರುವ ಪೌರತ್ವದ ಪತ್ರದ ಹಿಂದೆ ಈ ಕಥೆಯೂ ಇದೆ.

ಇದಕ್ಕಿಂತ ನನ್ನನ್ನು ಹೆಚ್ಚಾಗಿ ಕಾಡಿರುವುದು ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಎಂಬಲ್ಲಿ ನಡೆದ ಪ್ರಸಂಗ. ಪರ್ಲ್ ಹಾರ್ಬರಿನ ಮೇಲೆ ದಾಳಿಯಾದ ಮೇಲೆ, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಬಹುಭಾಗ ಅಮೆರಿಕದಲ್ಲಿಯೇ ಹುಟ್ಟಿದ ಪೌರರಾಗಿದ್ದರೂ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದ್ದರಷ್ಟೆ. ಸೈನ್ಯಭರ್ತಿಯ ಇಲಾಖೆಯು ಅವರ ತರುಣರನ್ನು ಶತ್ರುದೇಶೀಯರ ವರ್ಗಕ್ಕೆ ತಳ್ಳಿತ್ತು. ಹಾಗಿದ್ದೂ 1944ರ ಜನವರಿಯಲ್ಲಿ, ಜನ ಸಾಲದೆ ಬಂದಾಗ, ಅದೇ ತರುಣರಿಗೆ ಅದೇ ಶಿಬಿರಗಳ ವಿಳಾಸಕ್ಕೆ ಭರ್ತಿಯ ಆಜ್ಞೆಗಳನ್ನು ಕಳುಹಿಸಲು ಸರ್ಕಾರದವರು ಸಂಕೋಚಪಡಲಿಲ್ಲ. ಹಾರ್ಟ್ ಮೌಂಟನ್ನಿನ ಹಲವರು, ಮೊದಲು ನಮ್ಮ ತಾಯಿತಂದೆಯರನ್ನು ಬಿಡಿರಿ, ನಮ್ಮ ಹಕ್ಕುಗಳನ್ನು ಹಿಂದಿರುಗಿಸಿರಿ, ಬಳಿಕ ಸಂತೋಷದಿಂದ ಬರುತ್ತೇವೆ ಎಂದು ಉತ್ತರಕೊಟ್ಟರು. 63 ಮಂದಿಯ ವಿಚಾರಣೆ ಒಟ್ಟಾಗಿಯೇ ಶಯೆನ್ ನಗರದ ನ್ಯಾಯಾಲಯದಲ್ಲಿ ನಡೆದು, ಎಲ್ಲರಿಗೂ ಮೂರು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅದೇ ಶಿಬಿರಗಳಿಂದ ಹೊರಟ ಬೇರೆ ತರುಣರು 442ನೆಯ ರೆಜಿಮೆಂಟನ್ನು ಸೇರಿ ಇಟಲಿ ಫ್ರಾನ್ಸುಗಳಲ್ಲಿ ಅಸಾಮಾನ್ಯವಾದ ಪರಾಕ್ರಮವನ್ನು ಮೆರೆದರು. ಇವರಲ್ಲಿ ಶ್ರೇಷ್ಠರು ಯಾರೆಂದು ಕೆಲವರು ಇಂದಿಗೂ ವಾದಿಸುವುದುಂಟು. ಆ ತಕ್ಕಡಿಯನ್ನು ಕೈಯಲ್ಲಿ ಹಿಡಿಯಲು ನನಗೆ ಮನಸ್ಸು ಬಾರದು. ಟ್ರೂಮನ್ನರು 1947ರಲ್ಲಿ ಸೆರೆಗೆ ಹೋದವರನ್ನು ಕ್ಷಮಿಸಿದರು. ಕ್ಷಮೆ ಕೇಳಬೇಕಾದವರು ಯಾರೆಂಬುದು ಬೇರೆಯ ಮಾತು.

ಇನ್ನು ವಿಯೆಟ್ನಾಮ್ ಯುದ್ಧದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನಿಮ್ಮ ಅಮೆರಿಕ ಆರಂಭವಾದದ್ದೂ ಆ ಕಾಲದಲ್ಲಿಯೇ. 1965ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಜಾನ್ಸನ್ನರು ತಿಂಗಳಿಗೆ 17,000ದಷ್ಟಿದ್ದ ಭರ್ತಿಯ ಕರೆಯನ್ನು 35,000ಕ್ಕೆ ಏರಿಸುವುದಾಗಿ ಸಾರಿದರು. ಅಕ್ಟೋಬರದಲ್ಲಿ ಅವರೇ ರುಜುಮಾಡಿದ ಹೊಸ ವಲಸೆ ಕಾನೂನು ಏಷ್ಯದ ವಿದ್ಯಾವಂತರಿಗೆ ಬಾಗಿಲು ತೆರೆಯಿತು. ನಮ್ಮ ವೈದ್ಯರೂ ಎಂಜಿನಿಯರರೂ ವಿಮಾನವೇರಿದ್ದು ಆ ಬಾಗಿಲಿನ ಮೂಲಕ. ಒಂದೇ ಸರ್ಕಾರ ಒಂದೇ ವರ್ಷದಲ್ಲಿ ವಿದ್ಯೆಯುಳ್ಳ ಪರದೇಶಿಯನ್ನು ಒಳಗೆ ಕರೆಯುತ್ತ, ವಿದ್ಯೆಯಿಲ್ಲದ ಸ್ವದೇಶಿಯನ್ನು ರಣರಂಗಕ್ಕೆ ಕಳುಹಿಸುತ್ತಿತ್ತು.

ಹಾಗೆ ಕಳುಹಿಸುವ ಯಂತ್ರದ ರಚನೆ ಸರಳವಾದದ್ದು. ದೇಶದ ಉದ್ದಗಲಕ್ಕೂ 4,000ಕ್ಕೆ ಮಿಕ್ಕ ಸ್ಥಳೀಯ ಮಂಡಲಿಗಳಿದ್ದವು. ಊರಿನ ಗಣ್ಯರೆನ್ನಿಸಿಕೊಂಡ ಕೆಲವರು ಅವುಗಳಲ್ಲಿ ಕುಳಿತು, ಯಾರ ಮಗನನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದನ್ನು ನಿರ್ಣಯಿಸುತ್ತಿದ್ದರು. ಬರ್ಕ್ ಮಾರ್ಷಲ್ಲರ ನೇತೃತ್ವದಲ್ಲಿ ಅಧ್ಯಕ್ಷ ಜಾನ್ಸನ್ನರು ನೇಮಿಸಿದ ಸಮಿತಿ 1967ರಲ್ಲಿ ಕೊಟ್ಟ ವರದಿಯ ಪ್ರಕಾರ, ಈ ಮಂಡಲಿಗಳ ಸದಸ್ಯರಲ್ಲಿ ಕಪ್ಪು ಜನರ ಪಾಲು ಶೇಕಡ 1.3, ಜನಸಂಖ್ಯೆಯಲ್ಲಿ ಅವರ ಪಾಲಾದರೋ ಶೇಕಡ 11. ಲೂಯಿಸಿಯಾನದ ಒಂದು ಮಂಡಲಿಗೆ 1966ರವರೆಗೂ ಕು ಕ್ಲಕ್ಸ್ ಕ್ಲಾನಿನ ಮುಖಂಡನೊಬ್ಬನೇ ಅಧ್ಯಕ್ಷನಾಗಿದ್ದನು. ಇಂಥವರ ಮುಂದೆ ಹೋಗಿ, ನನ್ನ ತಾಯಿಗೆ ನಾನೊಬ್ಬನೇ ಆಸರೆಯೆಂದು ಕಪ್ಪು ತರುಣನು ಬಿನ್ನವಿಸಿಕೊಳ್ಳಬೇಕಾಗಿತ್ತು.

ವಿನಾಯಿತಿಗಳ ಶಿರೋಮಣಿಯೆಂದರೆ ವಿದ್ಯಾರ್ಥಿಗೆ ಸಲ್ಲುತ್ತಿದ್ದ 2-ಎಸ್ ಎಂಬ ವರ್ಗ. ಕಾಲೇಜಿನಲ್ಲಿ ಪೂರ್ಣಕಾಲ ಓದುತ್ತಿರುವವನನ್ನು ಕರೆಯುವಂತಿಲ್ಲ. ಓದುತ್ತಲೇ ಸಂಪಾದಿಸಬೇಕಾಗಿ ಬಂದು ಅರ್ಧಕಾಲ ತರಗತಿಗೆ ಹೋಗುವವನಿಗೆ ಆ ರಕ್ಷೆ ಇಲ್ಲ. ಇಲಾಖೆಯ ನಿರ್ದೇಶಕರಾಗಿದ್ದ ಜನರಲ್ ಹರ್ಷೀಯವರು ಇದನ್ನು ಮುಚ್ಚಿಟ್ಟವರೇ ಅಲ್ಲ. ಭರ್ತಿಯ ಭಯವನ್ನು ತೋರಿಸಿ ತರುಣರನ್ನು ರಾಷ್ಟ್ರಕ್ಕೆ ಉಪಯುಕ್ತವಾದ ವಿದ್ಯೆ ಉದ್ಯೋಗಗಳ ಕಾಲುವೆಗೆ ಹರಿಸುವುದೂ ತಮ್ಮ ಕಾರ್ಯವೆಂದು ಅವರ ಇಲಾಖೆಯೇ 1965ರಲ್ಲಿ ಲಿಖಿತವಾಗಿ ಹೇಳಿಕೊಂಡಿತು. ಕಾಲುವೆಗೆ ಹರಿಯದೆ ಹೊರಗುಳಿದವನು ಅನುಪಯುಕ್ತನೆಂಬ ಮಾತನ್ನು ಅದು ಬರೆಯಬೇಕಾಗಿಯೂ ಇರಲಿಲ್ಲ. ಓದು ಮುಗಿದವರಿಗೆ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆ ಇತ್ತು. ಅದನ್ನು ಸೇರಿದವರು ಬಹುಮಟ್ಟಿಗೆ ಸಮುದ್ರ ದಾಟಬೇಕಾಗಿರಲಿಲ್ಲ. ಅಲ್ಲಿಯಾದರೋ ನೂರಕ್ಕೆ ಸುಮಾರು ಒಬ್ಬರು ಮಾತ್ರ ಕಪ್ಪು ಜನ.

ಇಷ್ಟು ಜನ ಒಂದು ಬಾಗಿಲಿನಿಂದ ಹೊರಗೆ ಹೋದ ಮೇಲೆ ಇನ್ನೊಂದು ಬಾಗಿಲನ್ನು ಅಗಲಮಾಡದೆ ವಿಧಿಯಿಲ್ಲವಷ್ಟೆ. 1966ರಲ್ಲಿ ರಕ್ಷಣಾಸಚಿವ ಮೆಕ್‌ನಮಾರ 'ಪ್ರಾಜೆಕ್ಟ್ 1,00,000' ಎಂಬ ಯೋಜನೆಯನ್ನು ಪ್ರಾರಂಭಿಸಿದರು. ಬುದ್ಧಿಪರೀಕ್ಷೆಯಲ್ಲಿ ಅದುವರೆಗೆ ಅನುತ್ತೀರ್ಣರೆಂದು ಬಿಟ್ಟಿದ್ದವರನ್ನು, ಮಟ್ಟವನ್ನು ಇಳಿಸಿ, ಸೈನ್ಯಕ್ಕೆ ತೆಗೆದುಕೊಳ್ಳುವುದು. ಅಲ್ಲಿ ತರಬೇತುಗೊಳಿಸಿ ಅವರನ್ನು ಉದ್ಧರಿಸುವುದು ಎಂಬುದು ಅದರ ಘೋಷಿತ ಉದ್ದೇಶ. 1971ರ ವೇಳೆಗೆ ಸುಮಾರು 3,54,000 ಮಂದಿ ಹಾಗೆ ಸೇರಿದರು. ಅವರಲ್ಲಿ ಶೇಕಡ 40ರಷ್ಟು ಕಪ್ಪು ಜನ. ಉದ್ಧಾರದ ಮಾತು ಕಾಗದದಲ್ಲಿ ಉಳಿದು, ಅನೇಕರು ಪದಾತಿದಳಗಳಿಗೆ ಹೋದರು. ಮುಷ್ಟಿಯುದ್ಧದ ಮಹಾವೀರ ಮಹಮ್ಮದ್ ಅಲಿಯೂ ಮೊದಲು ಇಂಥ ಪರೀಕ್ಷೆಯಲ್ಲಿ ಅನುತ್ತೀರ್ಣನಾದವನೇ. ಮಟ್ಟ ಇಳಿದ ಮೇಲೆ ಅರ್ಹನೆನ್ನಿಸಿಕೊಂಡು, 1967ರ ಏಪ್ರಿಲ್ 28ರಂದು ಹ್ಯೂಸ್ಟನ್ನಿನಲ್ಲಿ ಸೈನ್ಯವನ್ನು ಸೇರಲು ನಿರಾಕರಿಸಿ, ತನ್ನ ವೃತ್ತಿಜೀವನದ ಉತ್ಕೃಷ್ಟ ವರ್ಷಗಳನ್ನು ಕಳೆದುಕೊಂಡನು. ಸರ್ವೋಚ್ಚ ನ್ಯಾಯಾಲಯ ಅವನ ಶಿಕ್ಷೆಯನ್ನು ತೊಡೆದದ್ದು 1971ರಲ್ಲಿ. ಅವನಿಗೆ ಹೆಸರಿತ್ತು, ವಕೀಲರಿದ್ದರು. ಉಳಿದವರಿಗೆ?

ಯುದ್ಧದ ಆರಂಭದ ವರ್ಷಗಳಲ್ಲಿ ಹತರಾದವರಲ್ಲಿ ಸುಮಾರು ಐದರಲ್ಲೊಂದು ಭಾಗ ಕಪ್ಪು ಜನರಿದ್ದರು. ಈ ವಿಷಯ ಬಯಲಾಗಿ ಪ್ರತಿಭಟನೆ ಎದ್ದ ಮೇಲೆ ಆ ಪ್ರಮಾಣ ಇಳಿಯಿತೆಂಬುದನ್ನೂ, ಒಟ್ಟು 58,220 ಮೃತರಲ್ಲಿ ಅವರ ಪಾಲು ಶೇಕಡ 12ಕ್ಕೆ ಸ್ವಲ್ಪ ಮೇಲೆ ನಿಂತಿತೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ನೈಋತ್ಯ ರಾಜ್ಯಗಳ ಮೆಕ್ಸಿಕನ್ ಮೂಲದವರಲ್ಲಿಯೂ ಇಂಥದೇ ದೂರು ಬೆಳೆದು, 1970ರ ಆಗಸ್ಟ್ 29ರಂದು ಲಾಸ್ ಏಂಜಲೀಸಿನ ಪೂರ್ವಭಾಗದಲ್ಲಿ ಸಹಸ್ರಾರು ಜನರ ಮೆರವಣಿಗೆಯಾಗಿ ಹೊರಟಿತು. ಅದನ್ನು ವರದಿ ಮಾಡಲು ಹೋಗಿದ್ದ ಪತ್ರಕರ್ತ ರೂಬೆನ್ ಸಲಝಾರ್ ಪೊಲೀಸರು ಹಾರಿಸಿದ ಅಶ್ರುವಾಯುವಿನ ಗುಂಡಿಗೆ ಬಲಿಯಾದರು. ಆದರೆ ಬಣ್ಣದ ಲೆಕ್ಕವೊಂದನ್ನೇ ನೋಡಿದರೆ ಅರ್ಧ ಸತ್ಯ ಕಾಣದೆ ಹೋಗುತ್ತದೆ. ಆ ತಲೆಮಾರಿನಲ್ಲಿ ಭರ್ತಿಯ ವಯಸ್ಸಿನ ಪುರುಷರು ಸುಮಾರು 2 ಕೋಟಿ 68 ಲಕ್ಷ. ಯಾವುದಾದರೊಂದು ವಿನಾಯಿತಿ, ಮುಂದೂಡಿಕೆ, ಅನರ್ಹತೆಗಳ ಆಶ್ರಯದಿಂದ ಹೊರಗುಳಿದವರು ಸುಮಾರು 1 ಕೋಟಿ 54 ಲಕ್ಷ. ಯುದ್ಧಕ್ಕೆ ಹೋದವರಲ್ಲಿ ಬಿಳಿಯ ಗಣಿಕಾರ್ಮಿಕನ ಮಗನೂ ಇದ್ದ, ರೈತನ ಮಗನೂ ಇದ್ದ. ಜನಾಂಗ ಮತ್ತು ಬಡತನ ಎರಡೂ ಒಂದೇ ಜರಡಿಯ ಕಣ್ಣುಗಳು.

ಆ ಜರಡಿಯ ಮೇಲ್ಭಾಗದಲ್ಲಿ ಉಳಿದ ಒಬ್ಬನ ಸಾಕ್ಷ್ಯ ನಮಗೆ ದೊರೆತಿದೆ. ಜೇಮ್ಸ್ ಫ್ಯಾಲೋಸ್ ಎಂಬವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ತರುಣ. ಮುಂದೆ ಇದೇ ಕಾರ್ಟರರಿಗೆ ಭಾಷಣಗಳನ್ನು ಬರೆದುಕೊಡುವವರಾದರು. ದೇಹಪರೀಕ್ಷೆಗೆ ಬಾಸ್ಟನ್ ನೌಕಾಂಗಣಕ್ಕೆ ತಾವೂ ತಮ್ಮ ಸಹಪಾಠಿಗಳೂ ಹೋದ ಬಗೆಯನ್ನು ಅವರು 1975ರಲ್ಲಿ ಒಂದು ಲೇಖನದಲ್ಲಿ ಬರೆದರು. ವಿದ್ಯಾರ್ಥಿಗಳ ಕೈಯಲ್ಲಿ ವೈದ್ಯರ ಪತ್ರಗಳಿದ್ದವು. ಯಾವ ರೋಗಕ್ಕೆ ಯಾವ ಬಿಡುಗಡೆಯೆಂಬುದನ್ನು ಅವರು ಮೊದಲೇ ವಿಚಾರಿಸಿ ತಿಳಿದಿದ್ದರು. ಫ್ಯಾಲೋಸರಾದರೋ ಉಪವಾಸವಿದ್ದು ತಮ್ಮ ತೂಕವನ್ನೇ ಇಳಿಸಿಕೊಂಡು ಹೋಗಿದ್ದರು. ಅವರು ಅನರ್ಹರೆನ್ನಿಸಿಕೊಂಡು ಹಗುರವಾದ ಮನಸ್ಸಿನಿಂದ ನಿಂತಿರುವಾಗ ಚೆಲ್ಸಿಯ ಎಂಬ ಕಾರ್ಮಿಕರ ಊರಿನಿಂದ ಬಂದ ಬಸ್ಸುಗಳಿಂದ ಹುಡುಗರು ಇಳಿದರು. ಅವರ ಕೈಯಲ್ಲಿ ಯಾವ ಪತ್ರವೂ ಇರಲಿಲ್ಲ; ಅಂಥ ಪತ್ರವೊಂದು ಉಂಟೆಂಬುದೂ ಅವರಿಗೆ ತಿಳಿದಿರಲಿಲ್ಲ. ಹಾರ್ವರ್ಡಿನ ಐವರಲ್ಲಿ ನಾಲ್ವರು ಹಿಂದಿರುಗಿದರೆ, ಚೆಲ್ಸಿಯದ ಐವರಲ್ಲಿ ನಾಲ್ವರು ಹೋದರೆಂಬುದು ಅವರ ಅಂದಾಜು. ಯುದ್ಧವನ್ನು ವಿರೋಧಿಸುತ್ತಿದ್ದ ತಾವು ಯುದ್ಧವನ್ನು ಕುಗ್ಗಿಸಲಿಲ್ಲ, ತಮ್ಮ ಸ್ಥಾನಕ್ಕೆ ಇನ್ನೊಬ್ಬನನ್ನು ಕಳುಹಿಸಿದೆವು ಎಂದೂ, ತಮ್ಮ ತಾಯಿತಂದೆಯರಂಥ ಮಾತಾಡಬಲ್ಲ ಜನರ ಮಕ್ಕಳು ಸತ್ತಿದ್ದರೆ ಯುದ್ಧ ಇನ್ನೂ ಬೇಗನೆ ನಿಲ್ಲುತ್ತಿತ್ತು ಎಂದೂ ಅವರು ವಾದಿಸಿದರು. ಈ ವಾದ ನನಗೆ ಕಠೋರವಾಗಿ ಕಂಡರೂ ಅದನ್ನು ಅಲ್ಲಗಳೆಯುವ ದಾರಿ ಕಂಡಿಲ್ಲ.

ಮಗನನ್ನು ಸಾವಿನಿಂದ ಉಳಿಸಿಕೊಳ್ಳುವ ತಾಯಿಯಲ್ಲಿ ದೋಷ ಹುಡುಕುವ ಧಾರ್ಷ್ಟ್ಯ ನನಗಿಲ್ಲ. ನಾನಾದರೂ ಹಾಗೆಯೇ ಮಾಡಿಯೇನು. ಆದರೆ ತನ್ನ ಮಗ ಉಳಿದದ್ದಕ್ಕೆ ಬೆಲೆ ಕೊಟ್ಟ ತಾಯಿ ಬೇರೊಬ್ಬಳಿದ್ದಾಳೆಂಬುದನ್ನು ತಿಳಿಯದೆ ಇರುವುದು ವಾತ್ಸಲ್ಯವಲ್ಲ, ಅನುಕೂಲಕ್ಕಾಗಿ ತಂದುಕೊಂಡ ಅಜ್ಞಾನ. ಕಾಲ ಬದಲಾಗಿದೆಯೆಂದು ನೀವು ಹೇಳಬಹುದು. 1969ರ ಡಿಸೆಂಬರ್ 1ರಂದು ಹುಟ್ಟಿದ ದಿನಗಳ ಚೀಟಿಗಳನ್ನು ಎತ್ತುವ ಪದ್ಧತಿ ಬಂತು (ಆ ಚೀಟಿಗಳನ್ನೂ ಸರಿಯಾಗಿ ಕಲಸದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಮೊದಲೇ ಸಿಕ್ಕಿಬಿದ್ದರು). 1971ರ ತಿದ್ದುಪಡಿಯ ಮೇಲೆ ವಿದ್ಯಾರ್ಥಿಗೆ ಸಾಮಾನ್ಯವಾಗಿ ನಡೆಯುತ್ತಿರುವ ಸೆಮಿಸ್ಟರ್ ಮುಗಿಯುವವರೆಗೆ ಮಾತ್ರ ಅವಕಾಶ. ಇವೆಲ್ಲ ಒಳ್ಳೆಯವೇ. ಆದರೆ ವೈದ್ಯನ ಪತ್ರ, ವಕೀಲನ ಸಲಹೆ, ಅರ್ಜಿಯನ್ನು ಒಪ್ಪವಾಗಿ ಬರೆಯುವ ವಿದ್ಯೆ ಇವುಗಳನ್ನು ಯಾವ ತಿದ್ದುಪಡಿ ಸಮನಾಗಿ ಹಂಚೀತು?

ಇದು ಅಮೆರಿಕದ ಮಾತೊಂದೇ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ರಷ್ಯದ ಅಧ್ಯಕ್ಷರು 3,00,000 ಮಂದಿಯ ಭರ್ತಿಗೆ ಆಜ್ಞೆ ಹೊರಡಿಸಿದಾಗ, ಬುರ್ಯಾತಿಯ, ತುವ, ದಾಗೆಸ್ತಾನಗಳಂಥ ಬಡ ಪ್ರಾಂತಗಳ ಅಲ್ಪಸಂಖ್ಯಾತ ಜನಾಂಗಗಳ ಮೇಲೆ ಭಾರ ಹೆಚ್ಚಾಗಿ ಬಿತ್ತೆಂದು ದೂರು ಎದ್ದು, ಮಖಚ್ಕಲದಲ್ಲಿ ಹೆಂಗಸರು ಬೀದಿಗಿಳಿದು ಪೊಲೀಸರಿಗೆ ಎದುರಾದರು. ಅದೇ ಯುದ್ಧಕ್ಕೆ ನಮ್ಮ ಕಲಬುರಗಿಯ ಕೆಲವು ಯುವಕರೂ, ಬೇರೆ ಕೆಲಸವೆಂದು ನಂಬಿಸಿದ ದಲ್ಲಾಳಿಗಳ ಕೈಗೆ ಸಿಕ್ಕಿ, ರಷ್ಯದ ಸೈನ್ಯದ ಪಾಲಾಗಿ, ಭಾರತ ಸರ್ಕಾರದ ಪ್ರಯತ್ನದಿಂದ 2024ರಲ್ಲಿ ಹಿಂದಿರುಗಿದರು. ಅವರನ್ನು ಹಿಡಿದೊಯ್ದದ್ದು ಯಾವ ಶಾಸನವೂ ಅಲ್ಲ, ಕೆಲಸದ ಹಂಬಲ. ಅವರ ತಾಯಂದಿರ ಮನೆಮಾತು ಯಾವುದೇ ಇರಲಿ, ಅವರೂ ನಮ್ಮ ನಾಡಿನ ಮಕ್ಕಳು, ನಿಮ್ಮ ಮಕ್ಕಳೂ ನಮ್ಮ ನಾಡಿನ ಮೂಲದವರು. ಇಬ್ಬರ ನಡುವೆ ಇರುವ ಅಂತರ ಎರಡು ತಲೆಮಾರುಗಳ ವಿದ್ಯೆಯದು ಮತ್ತು ಹಣದ್ದು.

ಆದಕಾರಣ ನಿಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಿಮ್ಮ ಮಗನ ಹೆಸರು ಆ ಪಟ್ಟಿಗೆ ಸೇರುವ ದಿನ ಅವನನ್ನು ಹತ್ತಿರ ಕೂರಿಸಿಕೊಂಡು ಚೆಲ್ಸಿಯದ ಹುಡುಗರ, ಹಾರ್ಟ್ ಮೌಂಟನ್ನಿನ ಕೈದಿಗಳ ಕಥೆಯನ್ನು ಹೇಳಿರಿ. ನಿಮ್ಮ ಪ್ರತಿನಿಧಿಗಳು ಯುದ್ಧದ ಮಾತನ್ನೋ ಭರ್ತಿಯ ಮಾತನ್ನೋ ಆಡತೊಡಗಿದರೆ, ವಿನಾಯಿತಿಗಳ ಪಟ್ಟಿಯನ್ನು ಮೊದಲು ತೋರಿಸಿರೆಂದು ಕೇಳಿರಿ. ಆ ಪಟ್ಟಿ ನಿಮಗೆ ಅನುಕೂಲವಾಗಿದ್ದರೆ ಇನ್ನೂ ಗಟ್ಟಿಯಾಗಿ ಕೇಳಿರಿ. ಹಿಂದೆ ಶೇಕಡ 1.3ರ ಕಥೆಯಾಗಿದ್ದ ಆ ಸ್ಥಳೀಯ ಮಂಡಲಿಗಳು ಇಂದಿಗೂ ಇವೆ. ಭರ್ತಿ ಪುನಃ ಬಂದರೆ ಯಾರ ಕಷ್ಟ ನಿಜ, ಯಾರ ಆತ್ಮಸಾಕ್ಷಿ ನಿಜ ಎಂದು ತೀರ್ಮಾನಿಸುವವರು ಅವುಗಳ ಸದಸ್ಯರೇ. ಅದಕ್ಕೆ ಸಂಬಳವಿಲ್ಲ, ಸೈನ್ಯದಲ್ಲಿಯೂ ಪೊಲೀಸ್ ಇಲಾಖೆಯಲ್ಲಿಯೂ ಇಲ್ಲದ ಸಾಮಾನ್ಯ ಪೌರರು ಅರ್ಜಿ ಹಾಕಬಹುದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಪೌರತ್ವ ಪಡೆದ ಹಿರಿಯರಲ್ಲಿ ಒಬ್ಬಿಬ್ಬರಾದರೂ ತಮ್ಮ ಜಿಲ್ಲೆಯ ಮಂಡಲಿಗೆ ಅರ್ಜಿ ಹಾಕಲಿ.

ಇತಿ,
ತಮ್ಮ ಹಿತಾಕಾಂಕ್ಷಿ